ಶೀ ಈಸ್ ಎ ಗ್ರೇಟ್ ಪೇಷೆಂಟ್

ಕೊಟ್ಟಾರ, ಮಂಗಳೂರು
3 ಸೆಪ್ಟೆಂಬರ್ 2024

ಸುಹೈಲಾ ಮಗಾ,

ನಿನ್ನೆ ಮಿಕ್ಸಿ ಹಿಡಿದುಕೊಂಡು ನಿಮ್ಮ ಸರ್ವಿಸ್ ಸೆಂಟರಿಗೆ ಬಂದಿದ್ದೆ. ಮಿಕ್ಸಿಗೆ ಎಂತದ್ದೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಬರಿಗೈಯಲ್ಲಿ ಮೆಟ್ಟಿಲು ಹತ್ತಿದರೆ ಕೆಳಗಿನ ಸೆಕ್ಯುರಿಟಿಯವ "ಎಂತ ಅಜ್ಜೆರೇ, ಮಿಕ್ಸಿಯನ್ನು ಮನೆಯಲ್ಲಿ ಒಂದನ್ನೇ ಬಿಟ್ಟು ಬಂದಿರಾ?" ಅಂತ ತಮಾಷೆ ಮಾಡ್ತಾನೆ. ಅದಕ್ಕೆ ಹಿಡಿದುಕೊಂಡು ಬಂದದ್ದು. ನೋಡಿದರೆ ನಿನ್ನ ಕುರ್ಚಿಯಲ್ಲಿ ಬೇರೆ ಹುಡುಗಿ. ಡ್ಯಾಫ್ನಿ ಅಂತೆ. "ಸುಹೈಲಾ ಎಲ್ಲಿ?" ಕೇಳಿದೆ. "ಅವಳು ಈಗ ಇಲ್ಲಿ ಇಲ್ಲ ಅಂಕಲ್" ಅಂತ ಹೇಳಿ ಕಂಪ್ಯೂಟರಿಗೆ ಮುಖ ಹಾಕಿದಳು.

ನನಗೆ ಆಗಲೇ ಅಂದಾಜಾಯ್ತು. ಪ್ರೊಮೋಷನ್! ಹೆಡ್ ಆಫೀಸಿಗೆ ಬರೆದ ನನ್ನ ಕಾಗದ ಕೆಲಸ ಮಾಡಿದೆ. ಡ್ಯಾಫ್ನಿಗೆ ಸ್ವಲ್ಪ ಹೊಟ್ಟೆಕಿಚ್ಚು ಇರಬಹುದು, ಅದಕ್ಕೆ ಬಾಯಿ ಬಿಡಲಿಲ್ಲ. ಆದರೂ ಒಳ್ಳೆಯವಳೇ, ಮನೆ ಕೂಳೂರಿನಲ್ಲಿ ನಿನ್ನ ಮನೆಯ ಹತ್ತಿರವೇ ಅಂತೆ, ಈ ಕಾಗದ ತಲುಪಿಸ್ತೇನೆ ಅಂತ ಒಪ್ಪಿದ್ದಾಳೆ.

ಕುಶಲಾ ಹೋದ ಮೇಲೆ ನಾನು ಮೊದಲ ಸಲ ಬಂದದ್ದು ನೆನಪು ಉಂಟಾ ನಿನಗೆ? ವಾರಂಟಿ ಕಾರ್ಡ್ ಅವಳ ಹೆಸರಿನಲ್ಲಿ ಇತ್ತು. "ಕುಶಲಾ ಮೇಡಂ ಬಂದಿದ್ದಾರಾ? ಅವರದ್ದು ಒಂದು ಸಹಿ ಬೇಕಿತ್ತು" ಅಂದಿ. ಹೆಂಡತಿ ಸತ್ತಳು ಅಂತ ಹೇಳಲಿಕ್ಕೆ ಕನ್ನಡದಲ್ಲಿ ಬಾಯಿ ಬರಲಿಲ್ಲ. ತುಳುವಿನಲ್ಲಿ ಮೊದಲೇ ಬರುವುದಿಲ್ಲ, ಅದು ಅವಳ ಜೊತೆ ಮಾತಾಡಿದ ಭಾಷೆ. ಇಂಗ್ಲಿಷಿನಲ್ಲಿ ಹೇಳಿದರೆ ಸ್ವಲ್ಪ ದೂರದ ಸಂಗತಿಯ ಹಾಗೆ ಕೇಳ್ತದೆ. "ಮೈ ವೈಫ್ ಈಸ್ ಲೇಟ್" ಅಂದೆ.

ನೀನು ಗಡಿಯಾರ ನೋಡಿದಿ. "ಪರವಾಗಿಲ್ಲ ಅಂಕಲ್, ನಿಧಾನಕ್ಕೆ ಬರಲಿ. ಆರರವರೆಗೆ ನಾವು ಇರ್ತೇವೆ, ಕೂತ್ಕೊಳ್ಳಿ."

ಕೂತೆ. ಎಂತ ಮಾಡುವುದು ಮತ್ತೆ? ಜನ ಬಂದರು, ಹೋದರು. ನೀನು ಎರಡು ಸಲ ನೀರು ತಂದುಕೊಟ್ಟಿ. ಶಟರ್ ಅರ್ಧ ಎಳೆದ ಮೇಲೆ ಹತ್ತಿರ ಬಂದು "ಆಂಟಿಗೆ ಬಸ್ ಸಿಗಲಿಲ್ಲವಾ ಏನೋ, ಒಂದು ಫೋನ್ ಮಾಡಿ ನೋಡಿ" ಅಂದಿ. ಆಗ ನಾನು ಹೇಳಿದೆ, "ಶೀ ಈಸ್ ಲೇಟ್ ಫ್ರಮ್ ಫೆಬ್ರವರಿ." ಒಳಗೆ ರಿಪೇರಿ ಮಾಡುವ ಹುಡುಗರು ನಕ್ಕದ್ದು ಕೇಳಿಸಿತು. ನೀನು ನಗಲಿಲ್ಲ. "ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂಕಲ್" ಅಂತ ಹೇಳಿ ಸಹಿ ಇಲ್ಲದೆ ಮಿಕ್ಸಿ ಒಳಗೆ ತೆಗೆದುಕೊಂಡಿ. ತಪ್ಪು ನನ್ನ ಇಂಗ್ಲಿಷಿನದ್ದು, ಹೊತ್ತದ್ದು ನೀನು.

ಮತ್ತೆ ಎಷ್ಟು ಸಲ ಬಂದೆ ನಾನು! ಮಸಾಲೆ ಅರೆಯುವಾಗ ಮಿಕ್ಸಿ ಮಧ್ಯದಲ್ಲಿ ನಿಲ್ತದೆ ಅಂತ ಒಂದೇ ದೂರು. "ಹಾಳಾದದ್ದಲ್ಲ ಅಂಕಲ್, ಭಾರ ಹೆಚ್ಚಾದರೆ ಸುಟ್ಟುಹೋಗಬಾರದು ಅಂತ ತಾನೇ ನಿಲ್ಲುವುದು. ಸ್ವಲ್ಪ ಹೊತ್ತು ಸುಮ್ಮನೆ ಬಿಡಿ, ಮತ್ತೆ ಅಡಿಯ ಕೆಂಪು ಬಟನ್ ಒತ್ತಿ, ಬರ್ತದೆ" ಅಂತ ಪ್ರತಿ ಸಲವೂ ಅದು ಮೊದಲ ಸಲ ಎಂಬ ಹಾಗೆ ಹೇಳಿದಿ. ಬಂಗುಡೆ ಮೀನಿನ ಗಸಿಗೆ ತೆಂಗಿನಕಾಯಿ ಒಟ್ಟಿಗೆ ಸುರಿಯಬಾರದು, ಎರಡು ಸಲ ಹಾಕಬೇಕು, ಕೊತ್ತಂಬರಿ ಹುರಿದು ಆರಿದ ಮೇಲೆ ಹಾಕಬೇಕು ಅಂತ ಕಲಿಸಿದಿ. ಹಿಂದೆ ಕುಕ್ಕರ್ ಹಿಡಿದು ನಿಂತವ "ಇದು ಸರ್ವಿಸ್ ಸೆಂಟರಾ, ಅಡುಗೆ ಕ್ಲಾಸಾ ಮಾರಾಯ್ರೆ?" ಅಂತ ರೇಗಿದಾಗ ನೀನು "ನಿಮ್ಮದು ಗ್ಯಾಸ್ಕೆಟ್, ಅವರದ್ದು ಮಧ್ಯಾಹ್ನದ ಊಟ. ಯಾವುದು ಅರ್ಜೆಂಟ್, ನೀವೇ ಹೇಳಿ" ಅಂದಿಯಲ್ಲ, ಆ ಮಾತನ್ನು ಮನೆಗೆ ಹೋಗುವ ದಾರಿಯಲ್ಲಿ ಒಬ್ಬನೇ ಹೇಳಿಕೊಂಡು ನಕ್ಕಿದ್ದೇನೆ.

ಬಂದರಿನ ಐಸ್ ಪ್ಲಾಂಟಿನಲ್ಲಿ ನನ್ನ ಆಯುಷ್ಯ ಹೋಯಿತು. ಐಸ್ ಒಡೆಯುವ ಮೆಷಿನಿನ ಸದ್ದಿಗೆ ನನ್ನ ಕಿವಿ ಅರ್ಧ ಹೋಯಿತು, ಸ್ವರ ದೊಡ್ಡದಾಯಿತು. ಅಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಕೈಸನ್ನೆ ಮಾಡಿ ಮುಗಿಸುವುದು. ಮಕ್ಕಳೂ ಇಲ್ಲ ನಮಗೆ. ಹಾಗಾಗಿ ಆ ದಿನ ಕುಶಲಾಳ ಕೊನೆಯ ಗಳಿಗೆಯನ್ನು ನಿನಗೆ ಹೇಳಿದೆನಲ್ಲ, ಅದನ್ನು ಮತ್ತೆ ಯಾರಿಗೂ ಹೇಳಿದವನಲ್ಲ. ನೀನು ಪೆನ್ನು ಹಿಡಿದದ್ದು ಹಿಡಿದ ಹಾಗೆ, ಕಣ್ಣು ಮಿಟುಕಿಸದೆ ಕೇಳಿದಿ. ಪಕ್ಕದಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ನೀನು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ನಿನಗೆ ಎಂತ ಕೊಡಲಿ?" ಅಂತ ಕೇಳಿದಾಗ "ಎಂತದೂ ಬೇಡ ಅಂಕಲ್, ಬೇಕಾದರೆ ಹೆಡ್ ಆಫೀಸಿಗೆ ಒಂದು ಒಳ್ಳೆ ಫೀಡ್‌ಬ್ಯಾಕ್ ಬರೆಯಿರಿ" ಅಂದದ್ದು ನೀನೇ. ಹೆಡ್ ಆಫೀಸ್ ಅಂದ ಮೇಲೆ ಇಂಗ್ಲಿಷ್ ಬೇಕಲ್ಲ. ಬಿ.ಕಾಂ. ಒಂದು ವರ್ಷ ಕಲಿತವ ನಾನು. ನಮ್ಮ ಇಂಗ್ಲಿಷ್ ಲೆಕ್ಚರರ್ ವಾಲ್ಟರ್ ಸರ್ ಹೇಳ್ತಿದ್ದರು, "ಬೂಬ, ಶಬ್ದವನ್ನು ಅಂಗಿ ಹಾಕದೆ ಹೊರಗೆ ಕಳಿಸಬೇಡ, ಮೊದಲು ಒಂದು ‘ಎ’ ಇಲ್ಲವೇ ಒಂದು ‘ದ’ ಹಾಕು" ಅಂತ. ಅದನ್ನು ಮರೆಯದೆ ಆಗಸ್ಟಿನಲ್ಲಿ ಬರೆದು ಹಾಕಿದೆ. ನಕಲು ನನ್ನಲ್ಲಿ ಉಂಟು:

"ಯುವರ್ ಮಿಸ್ ಸುಹೈಲಾ ಈಸ್ ಎ ಗ್ರೇಟ್ ಪೇಷೆಂಟ್. ಶೀ ಈಸ್ ಎ ಪೇಷೆಂಟ್ ಫ್ರಮ್ ಲಾಂಗ್ ಟೈಮ್. ಟೆಲಿಫೋನ್ ಈಸ್ ರಿಂಗಿಂಗ್, ಕಸ್ಟಮರ್ ಈಸ್ ಶೌಟಿಂಗ್, ಬಟ್ ಶೀ ಈಸ್ ನಾಟ್ ಮೂವಿಂಗ್, ನಾಟ್ ಆನ್ಸರಿಂಗ್, ಓನ್ಲಿ ಲುಕಿಂಗ್ ಅಟ್ ಮೈ ಫೇಸ್. ಪ್ಲೀಸ್ ಡು ದ ನೀಡ್‌ಫುಲ್."

ಹೇಗುಂಟು? ನಿನ್ನ ತಾಳ್ಮೆ ಇದರಲ್ಲಿ ಪೂರ್ತಿ ಬಂದಿದೆ ಅಂತ ನನಗೆ ಅನಿಸ್ತದೆ. ಹೊಸ ಆಫೀಸ್ ಎಲ್ಲಿ ಅಂತ ತಿಳಿಸು. ದೂರ ಆದರೂ ಬರ್ತೇನೆ, ಮಿಕ್ಸಿ ಇಲ್ಲದೆ.

ನಿನ್ನ ಗಿರಾಕಿ,
ಬೂಬ ಸುವರ್ಣ

*

ಸರ್ವಿಸ್ ಸೆಂಟರ್, ಕೊಟ್ಟಾರ
17 ಸೆಪ್ಟೆಂಬರ್ 2024

ಮಾನ್ಯ ಗ್ರಾಹಕರಾದ ಶ್ರೀ ಬೂಬ ಸುವರ್ಣ ಅವರಿಗೆ,

ನಮ್ಮ ಹೆಡ್ ಆಫೀಸಿಗೆ ತಾವು ಸಲ್ಲಿಸಿದ ದೂರನ್ನು ಪರಿಶೀಲಿಸಲಾಗಿದೆ. ಕೌಂಟರ್ ಸಿಬ್ಬಂದಿಯೊಬ್ಬರು ಬಹುಕಾಲದ ರೋಗಿಯಾಗಿದ್ದು, ಫೋನ್ ಕರೆ ಬರುತ್ತಿದ್ದರೂ ಸ್ವೀಕರಿಸದೆ, ತಮಗೆ ಉತ್ತರಿಸದೆ, ತಮ್ಮ ಮುಖವನ್ನೇ ನೋಡುತ್ತಾ ಕುಳಿತಿದ್ದರೆಂದು ತಿಳಿಸಿರುತ್ತೀರಿ. ಇದಕ್ಕಾಗಿ ವಿಷಾದಿಸುತ್ತೇವೆ. ಸದರಿ ಸಿಬ್ಬಂದಿಯನ್ನು ವೈದ್ಯಕೀಯ ತಪಾಸಣೆಗೆ ಒಳಪಡಿಸಿ, ಆಗಸ್ಟ್ ಕೊನೆಯಿಂದ ಸೇವೆಯಿಂದ ಬಿಡುಗಡೆ ಮಾಡಲಾಗಿದೆ.

ತಮಗಾದ ಅನಾನುಕೂಲಕ್ಕೆ ಪ್ರತಿಯಾಗಿ ಒಂದು ಚಟ್ನಿ ಜಾರ್ ಉಚಿತವಾಗಿ ಪಡೆಯುವ ಕೂಪನ್ ಲಗತ್ತಿಸಿದೆ. ತಮ್ಮ ತಾಳ್ಮೆಗೆ ಧನ್ಯವಾದಗಳು.

ಇತಿ ತಮ್ಮ ಸೇವೆಯಲ್ಲಿ,
ರೋಷನ್, ಬ್ರಾಂಚ್ ಮ್ಯಾನೇಜರ್

*

ಕೊಟ್ಟಾರ
20 ಸೆಪ್ಟೆಂಬರ್ 2024

ರೋಷನ್ ಸರ್,

ನಿಮ್ಮ ಕಾಗದ ಓದಿದೆ. ದೂರು ಯಾರು ಕೊಟ್ಟದ್ದು? ನಾನು ಹೊಗಳಿದ್ದು ಸರ್! ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನನ್ನ ಇಂಗ್ಲಿಷಿನ ಮೇಲೆ ನನಗೆ ಈಗ ಒಂದು ಚೂರೂ ನಂಬಿಕೆ ಇಲ್ಲ.

ಪೇಷೆಂಟ್ ಎಂಬ ಶಬ್ದಕ್ಕೆ ಎರಡು ಅರ್ಥ ಉಂಟು. ಡಿಕ್ಷನರಿ ತೆಗೆದು ಮೂರು ಸಲ ನೋಡಿದೆ. ಒಂದು, ಆಸ್ಪತ್ರೆಯಲ್ಲಿ ಮಲಗುವವರು. ಇನ್ನೊಂದು, ತಾಳ್ಮೆ ಇರುವವರು. ನಾನು ಹೇಳಿದ್ದು ಎರಡನೆಯದ್ದು. ಅದರ ಮೊದಲು ಒಂದು ‘ಎ’ ಹಾಕಿದ್ದಕ್ಕೆ ಅದು ಆಸ್ಪತ್ರೆಗೆ ಹೋಯಿತು. ಒಂದೇ ಒಂದು ಅಕ್ಷರ ಸರ್. ಒಂದು ಅಕ್ಷರಕ್ಕೆ ಒಂದು ಹುಡುಗಿಯ ಕೆಲಸ ತೆಗೆಯುವುದುಂಟಾ? ನೀವೂ ಕೊನೆಗೆ ‘ತಮ್ಮ ತಾಳ್ಮೆಗೆ ಧನ್ಯವಾದಗಳು’ ಅಂತ ಬರೆದಿದ್ದೀರಲ್ಲ, ನಾನು ಬರೆದದ್ದೂ ಅದೇ. ನೀವು ಅಭ್ಯಾಸದಲ್ಲಿ ಬರೆದಿರಿ, ನಾನು ಮನಸ್ಸಿನಿಂದ ಬರೆದೆ, ಅಷ್ಟೇ ವ್ಯತ್ಯಾಸ.

ಫೋನ್ ಎತ್ತಲಿಲ್ಲ ಎಂಬುದೂ ದೂರಲ್ಲ. ಒಬ್ಬ ಮುದುಕ ಹೆಂಡತಿ ಸತ್ತದ್ದನ್ನು ಹೇಳುವಾಗ ಫೋನ್ ಎತ್ತದೆ ಕೂತಳಲ್ಲ, ಅಂಥವರು ಈ ಕಾಲದಲ್ಲಿ ಎಷ್ಟು ಜನ ಇದ್ದಾರೆ ಹೇಳಿ. ಬ್ಯಾಂಕಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಮೆಷಿನ್ ಹೇಳ್ತದೆ. ಹೆಂಡತಿ ಸತ್ತವರು ಯಾವುದನ್ನು ಒತ್ತಬೇಕು ಅಂತ ಅದು ಹೇಳುವುದಿಲ್ಲ.

‘ಪ್ಲೀಸ್ ಡು ದ ನೀಡ್‌ಫುಲ್’ ಅಂತ ಬರೆದಿದ್ದೆ. ನೀವು ಮಾಡಿಯೇಬಿಟ್ಟಿರಿ. ದಯಮಾಡಿ ಈಗ ಅದನ್ನು ರದ್ದು ಮಾಡಿ. ಬೇಕಾದರೆ ನಾನು ಬಂದು ಯಾರ ಎದುರು ಬೇಕಾದರೂ ಹೇಳ್ತೇನೆ, ತಪ್ಪು ನನ್ನದು ಅಂತ. ಕೂಪನ್ ವಾಪಸ್ ಇಟ್ಟಿದ್ದೇನೆ. ಆ ಜಾರಿನಲ್ಲಿ ಅರೆದ ಚಟ್ನಿ ನನ್ನ ಗಂಟಲಲ್ಲಿ ಇಳಿಯಲಿಕ್ಕಿಲ್ಲ.

ಕೈ ಮುಗಿದು,
ಬೂಬ ಸುವರ್ಣ

*

ಸರ್ವಿಸ್ ಸೆಂಟರ್, ಕೊಟ್ಟಾರ
1 ಅಕ್ಟೋಬರ್ 2024

ಮಾನ್ಯ ಗ್ರಾಹಕರೇ,

ತಮ್ಮ ವಿವರಣೆಯನ್ನು ಹೆಡ್ ಆಫೀಸಿಗೆ ಕಳುಹಿಸಲಾಯಿತು. ತಮ್ಮ ಪತ್ರದಲ್ಲಿನ ಶಬ್ದದ ಅರ್ಥ ಏನೇ ಇದ್ದರೂ, ತಪಾಸಣೆಯ ವೇಳೆ ಸದರಿ ಸಿಬ್ಬಂದಿಯೇ ಒಪ್ಪಿಕೊಂಡ ಸಂಗತಿಯ ಆಧಾರದಲ್ಲಿ ತೀರ್ಮಾನ ಆಗಿರುವುದರಿಂದ ಅದನ್ನು ಬದಲಿಸಲು ಅವಕಾಶವಿಲ್ಲ. ಕೂಪನ್ ಮರಳಿ ಕಳುಹಿಸಲಾಗಿದೆ. ಅವಧಿ ಈ ತಿಂಗಳ ಕೊನೆಯವರೆಗೆ ಮಾತ್ರ.

ರೋಷನ್, ಬ್ರಾಂಚ್ ಮ್ಯಾನೇಜರ್

ಸರ್, ಇದು ಪೆನ್ನಿನಲ್ಲಿ ನಾನೇ ಬರೆಯುತ್ತಿರುವುದು. ಅವಳಷ್ಟು ಒಳ್ಳೆಯ ಕೌಂಟರ್ ಸ್ಟಾಫ್ ನನಗೆ ಸಿಕ್ಕಿಲ್ಲ, ಇನ್ನು ಸಿಗುವುದೂ ಇಲ್ಲ. ನನ್ನ ಕೈಯಲ್ಲಿ ಎಂತದೂ ಇಲ್ಲ. ಇಲ್ಲಿಗೆ ಬಿಡಿ. — ರೋ.

*

ಕೊಟ್ಟಾರ
6 ಅಕ್ಟೋಬರ್ 2024

ಸುಹೈಲಾ,

ಈ ಸಲ ಮಗಾ ಅಂತ ಬರೆಯಲಿಕ್ಕೆ ಧೈರ್ಯ ಸಾಲಲಿಲ್ಲ.

ಹಿಂದಿನ ಕಾಗದವನ್ನು ನೀನು ಓದದೆ ಹರಿದು ಹಾಕಿದ್ದರೆ ಒಳ್ಳೆಯದಿತ್ತು. ಪ್ರೊಮೋಷನ್ ಅಂತ ಬರೆದೆನಲ್ಲ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವಳಿಗೆ! ಡ್ಯಾಫ್ನಿ ಆ ದಿನ ಮುಖ ತಿರುಗಿಸಿದ್ದು ಹೊಟ್ಟೆಕಿಚ್ಚಿನಿಂದ ಅಲ್ಲ ಅಂತ ಈಗ ಗೊತ್ತಾಯಿತು. ಈ ಕಾಗದವನ್ನು ಅವಳ ಕೈಯಲ್ಲಿ ಕೊಡುವಾಗ ಅವಳ ಕಣ್ಣು ನೋಡಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ.

ನಿನ್ನೆ ಕೂಳೂರಿಗೆ ಹೊರಟಿದ್ದೆ. ನಿನ್ನ ಉಮ್ಮನ ಎದುರು ನಿಂತು, ತಪ್ಪಾಯಿತು ಅಂತ ಹೇಳಬೇಕೆಂದು. ಸೇತುವೆಯ ಈಚೆ ಬಸ್ ಇಳಿದೆ. ಲಾರಿಗಳು ಹೋಗುವಾಗ ಕಾಲಿನ ಅಡಿಯಲ್ಲಿ ಸೇತುವೆ ನಡುಗ್ತದೆ. ಅರ್ಧ ಸೇತುವೆ ನಡೆದೆ, ಅಲ್ಲಿಂದ ಹೊಳೆ ನೋಡಿದೆ. ನಾನು ಬಂದು ಬಾಗಿಲು ತಟ್ಟಿದರೆ ಯಾರು ಈ ಮುದುಕ ಅಂತ ನೆರೆಮನೆಯವರು ಕೇಳುವುದಿಲ್ಲವಾ? ಕೇಳಿದರೆ ನೀವು ಎಂತ ಹೇಳುವುದು? ಹಿಂದೆ ಬಂದೆ. ಮಾತಾಡಿ ಒಂದು ಸಲ ಹಾಳು ಮಾಡಿದ್ದು ಸಾಕು.

ನೀನು ಎಂತದೋ ಒಪ್ಪಿಕೊಂಡಿ ಅಂತ ರೋಷನ್ ಬರೆದಿದ್ದಾರೆ. ಎಂತ ಅಂತ ನಾನು ಕೇಳುವುದಿಲ್ಲ, ನೀನು ಹೇಳುವುದೂ ಬೇಡ. ಆದರೆ ಅವರು ಹೆದರಿಸಿ ಬರೆಸಿಕೊಂಡಿದ್ದರೆ ಹೇಳು, ನಾನು ಕನ್ನಡದಲ್ಲಿ ಎಲ್ಲಿ ಬೇಕಾದರೂ ಬರೆಯುತ್ತೇನೆ. ನಾನು ಕಣ್ಣಾರೆ ನೋಡಿದವ. ನಿನಗೆ ಎಂತ ರೋಗ ಮಾರಾಯ್ತಿ? ಗಟ್ಟಿಮುಟ್ಟು ಹುಡುಗಿ. ಆ ದಿನ ಕೇಳಿದ ಹಾಗೆ ಕೇಳಬೇಕಾದರೆ ಎಷ್ಟು ಗಟ್ಟಿ ಇರಬೇಕು ಮನಸ್ಸು! ಅದನ್ನೇ ಹಿಡಿದುಕೊಂಡು ನಾನು ಇಷ್ಟು ತಿಂಗಳು ಕಳೆದದ್ದು. ಒಬ್ಬರಾದರೂ ಕೇಳಿದ್ದಾರೆ, ಕುಶಲಾ ಹೇಗೆ ಹೋದಳು ಅಂತ ಈ ಊರಿನಲ್ಲಿ ಒಬ್ಬರಿಗಾದರೂ ಗೊತ್ತುಂಟು ಅಂತ.

ಮಿಕ್ಸಿ ಮೇಲಿನ ಕಪಾಟಿಗೆ ಹೋಯಿತು. ಮೀನಿನವಳು ಗೇಟಿನ ಹತ್ತಿರ ಕೂಗಿದರೆ ಇವತ್ತು ಬೇಡ ಅಂತೇನೆ. ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ. ಬೇಸರಕ್ಕೆ ಹೇಳುವುದಲ್ಲ, ಇದ್ದದ್ದು ಇದ್ದ ಹಾಗೆ ಬರೆದೆ.

ಉತ್ತರ ಬರೆಯಬೇಕು ಅಂತ ಇಲ್ಲ.

ಬೂಬ

*

ಕೂಳೂರು
9 ಡಿಸೆಂಬರ್ 2024

ಅಂಕಲ್,

ನಿಮ್ಮ ಎರಡು ಕಾಗದವನ್ನೂ ಡ್ಯಾಫ್ನಿ ಆಗಲೇ ತಂದುಕೊಟ್ಟಿದ್ದಳು. ಪ್ರೊಮೋಷನ್ ಅಂತ ಓದಿ ನಾನು ಜೋರಾಗಿ ನಕ್ಕೆ. ಒಲೆಯ ಹತ್ತಿರ ಇದ್ದ ಉಮ್ಮ ಹೆದರಿ ಓಡಿ ಬಂದರು. ಆಮೇಲೆ ತುಂಬಾ ಸಿಟ್ಟು ಬಂತು. ಇಷ್ಟು ದಿನ ಬರೆಯದೆ ಇದ್ದದ್ದು ಪುರುಸೊತ್ತು ಇಲ್ಲದೆ ಅಲ್ಲ, ಸಿಟ್ಟಿನಿಂದ. ಅದು ನಿಮಗೆ ಗೊತ್ತಿರಲಿ.

ನನ್ನನ್ನು ಯಾರೂ ಹೆದರಿಸಲಿಲ್ಲ. ರೋಷನ್ ಸರ್ ನಿಮ್ಮ ಇಂಗ್ಲಿಷ್ ಕಾಗದವನ್ನು ನನ್ನ ಎದುರೇ ಓದಿದರು. ಪೇಷೆಂಟ್ ಅಂದ ಕೂಡಲೇ ನೀವು ಎಂತ ಹೇಳಹೊರಟದ್ದು ಅಂತ ನನಗೆ ಗೊತ್ತಾಯಿತು. ಲೇಟ್ ಅಂದವರಲ್ಲವಾ ನೀವು. "ಸರ್, ತಾಳ್ಮೆ ಅಂತ ಹೇಳಿದ್ದು ಅವರು" ಅಂದೆ. ಸರ್ ಕೂಡ ನಕ್ಕರು. ಅದು ಅಲ್ಲಿಗೇ ಮುಗಿಯುತ್ತಿತ್ತು. ನಿಮ್ಮ ‘ಎ’ ನನ್ನ ಕೆಲಸ ತೆಗೆಯಲಿಲ್ಲ ಅಂಕಲ್. ತೆಗೆದದ್ದು ಅದರ ಮುಂದಿನ ಫೋನಿನ ಸಾಲು. ಅದರಲ್ಲಿ ತಪ್ಪು ಇರಲಿಲ್ಲ.

ಆ ಸಾಲನ್ನು ಹೆಡ್ ಆಫೀಸಿನವರು ದೂರು ಅಂತಲೇ ಹಿಡಿದು ಡಾಕ್ಟರನ್ನು ಕಳಿಸಿದರು. ಡಾಕ್ಟರ್ ಕೇಳಿದರು, "ಫೋನ್ ರಿಂಗ್ ಆದದ್ದು ನಿನಗೆ ಕೇಳಿತಾ?" ಇಲ್ಲ ಅಂದೆ. "ಅವರು ಮಾತಾಡುತ್ತಾ ಇದ್ದದ್ದು?" ಅದೂ ಇಲ್ಲ.

ನನಗೆ ಚಿಕ್ಕಂದಿನಿಂದ ಫಿಟ್ಸ್ ಉಂಟು. ಬೀಳುವುದು ಮಾತ್ರೆಯಿಂದ ಎಂದೋ ನಿಂತಿದೆ. ಆದರೆ ಕೆಲವೊಮ್ಮೆ ಕೂತಲ್ಲೇ, ಕಣ್ಣು ತೆರೆದುಕೊಂಡೇ, ಸ್ವಲ್ಪ ಹೊತ್ತು ಇಲ್ಲದ ಹಾಗೆ ಆಗ್ತದೆ. ನೋಡುವವರಿಗೆ ಯೋಚನೆ ಮಾಡುತ್ತಾ ಇದ್ದಾಳೆ ಅಂತ ಕಾಣ್ತದೆ. ಉಮ್ಮ ಅದಕ್ಕೆ ಕಾಯಿಲೆ ಅಂತ ಹೇಳುವುದಿಲ್ಲ, "ಹೋಗಿ ಬಂದೆಯಾ?" ಅಂತ ಕೇಳ್ತಾರೆ. ನಿಮ್ಮ ಮಿಕ್ಸಿ ನಿಲ್ಲುವ ಹಾಗೆಯೇ. ನನಗೆ ಅಡಿಯಲ್ಲಿ ಕೆಂಪು ಬಟನ್ ಇಲ್ಲ, ಅಷ್ಟೇ. ಕೆಲಸಕ್ಕೆ ಸೇರುವಾಗ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಸೇರಿಸಿಕೊಳ್ಳುತ್ತಿರಲಿಲ್ಲ. ಹೇಳಲಿಲ್ಲ ಅಂತ ಈಗ ತೆಗೆದರು. ಅಣ್ಣ ಹಿಶಾಮ್ ಸೌದಿಯ ದಮಾಮಿನಿಂದ ಫೋನ್ ಮಾಡಿ "ಇನ್ನು ಮನೆಯಲ್ಲೇ ಇರು" ಅಂದ. ನನ್ನನ್ನು ನೋಡಲಿಕ್ಕೆ ಬರುತ್ತೇವೆ ಅಂದಿದ್ದವರು ಬರಲಿಲ್ಲ. ಯಾರಿಂದ ಗೊತ್ತಾಯಿತೋ, ನಾನು ಕೇಳಲಿಲ್ಲ. ಬೆಳಿಗ್ಗೆ ಯೂನಿಫಾರ್ಮ್ ಇಸ್ತ್ರಿ ಮಾಡುವ ಹೊತ್ತಿಗೆ ಈಗಲೂ ಎಚ್ಚರ ಆಗ್ತದೆ.

ಇದನ್ನು ಬರೆಯದೆ ಇರಬಹುದಿತ್ತು. ಆದರೆ ಕೊನೆಯ ಕಾಗದದಲ್ಲಿ ನೀವು, ಒಬ್ಬರಾದರೂ ಕೇಳಿದ್ದಾರೆ ಅಂತ ಬರೆದಿದ್ದೀರಿ. ಅದು ನನಗೆ ಎರಡು ತಿಂಗಳಿಂದ ಚುಚ್ಚುತ್ತಾ ಉಂಟು. ನಾನು ಕೇಳಲಿಲ್ಲ ಅಂಕಲ್. ಆ ದಿನ ಕಣ್ಣು ಮಿಟುಕಿಸದೆ ಕೂತದ್ದು ತಾಳ್ಮೆಯಿಂದ ಅಲ್ಲ. ನಾನು ಅಲ್ಲಿ ಇರಲೇ ಇಲ್ಲ.

ಹಾಗಂತ ಎಲ್ಲವೂ ಸುಳ್ಳು ಅಂತ ತಿಳಿದುಕೊಳ್ಳಬೇಡಿ. ಬಾಕಿ ದಿನ ನಾನು ಇದ್ದೆ. ಕುಶಲಾ ಆಂಟಿ ಗಸಿಗೆ ಹುಣಸೆಹುಳಿ ಬದಲು ಬಿಂಬುಳಿ ಹಾಕ್ತಿದ್ದದ್ದು, ಐಸ್ ಪ್ಲಾಂಟಿನಿಂದ ನೀವು ತಂದ ಐಸಿನಲ್ಲಿ ನೆರೆಮನೆಯ ಮಕ್ಕಳಿಗೆಲ್ಲ ಶರಬತ್ತು ಮಾಡಿ ಕೊಡ್ತಿದ್ದದ್ದು, ನಿಮ್ಮ ಗೊರಕೆಗೆ ಅವರು ತಲೆದಿಂಬು ಹಿಡಿದು ಚಾವಡಿಗೆ ಹೋಗ್ತಿದ್ದದ್ದು, ನನಗೆ ಎಲ್ಲ ನೆನಪುಂಟು. ಹಿಂದೆ ಕುಕ್ಕರಿನವ ನಿಂತಿದ್ದರೂ ಅದನ್ನೆಲ್ಲ ಕೇಳಿದ್ದು ನಾನೇ. ಆ ದಿನವೂ, ಆಂಬ್ಯುಲೆನ್ಸ್ ನಂತೂರಿನಲ್ಲಿ ನಿಂತಿತು, ಮುಂದೆ ಲಾರಿ, ಹಿಂದೆ ಲಾರಿ, ಆಂಟಿ ನಿಮ್ಮ ಅಂಗಿ ಹಿಡಿದು ಎಳೆದರು ಅನ್ನುವವರೆಗೆ ಕೇಳಿದ್ದೇನೆ. ಮತ್ತೆ ನಾನು ಹೋದೆ. ಬರುವಾಗ ನೀವು ಕಣ್ಣು ಒರೆಸಿಕೊಂಡು "ಅಷ್ಟೇ ಹೇಳಿದ್ದು ಅವಳು" ಅನ್ನುತ್ತಿದ್ದಿರಿ. ನನ್ನ ಕೈ ಹಿಡಿದು "ಥ್ಯಾಂಕ್ಸ್ ಮಗಾ" ಅಂದಿರಿ. ಎಂತ ಹೇಳಿದ್ದು ಅಂತ ಆಗ ನಿಮ್ಮನ್ನು ಹೇಗೆ ಕೇಳಲಿ?

ಈಗ ಕೇಳ್ತೇನೆ. ಎಂತ ಹೇಳಿದರು ಆಂಟಿ?

ಸುಹೈಲಾ

*

ಕೊಟ್ಟಾರ
14 ಡಿಸೆಂಬರ್ 2024

ಸುಹೈಲಾ ಮಗಾ,

ನಿನ್ನ ಕಾಗದ ಓದಿ ಎದ್ದು ಹೊರಗೆ ಹೋದೆ. ಕೊಟ್ಟಾರ ಚೌಕಿಯವರೆಗೆ ನಡೆದು, ಅಲ್ಲಿ ಫ್ಲೈಓವರಿನ ಅಡಿಯಲ್ಲಿ ನಿಂತು, ಯಾಕೆ ಬಂದದ್ದು ಅಂತ ಗೊತ್ತಾಗದೆ ಮನೆಗೆ ಬಂದೆ. ಮತ್ತೆ ಓದಿದೆ. ನೋವಾಗಲಿಲ್ಲ ಅಂತ ಹೇಳುವುದಿಲ್ಲ. ಹಿಡಿದುಕೊಂಡಿದ್ದ ಒಂದು ಕಂಬ ಹೋಯಿತು. ಆದರೆ ಬಿಂಬುಳಿಯ ಸಾಲು ಬಂದಾಗ ಅದೊಂದನ್ನೇ ಮೂರು ಸಲ ಓದಿದೆ. ಬಿಂಬುಳಿಯ ಸಂಗತಿ ನನಗೇ ಮರೆತುಹೋಗಿತ್ತು ಮಾರಾಯ್ತಿ.

ನೀನು ನನ್ನ ಮುಖ ನೋಡಿಕೊಂಡು ಇಲ್ಲದೆ ಹೋದಾಗ ನಾನು ಅದನ್ನು ತಾಳ್ಮೆ ಅಂತ ಹೊಗಳಿದೆ, ಹೊಗಳಿ ನಿನ್ನ ಅನ್ನಕ್ಕೆ ಕಲ್ಲು ಹಾಕಿದೆ. ಆ ದಿನ "ಎಂತ ಆಯಿತು ಮಗಾ, ನೀರು ಬೇಕಾ?" ಅಂತ ಒಂದು ಮಾತು ಕೇಳಬಹುದಿತ್ತು. ನೀನು ನನಗೆ ಎರಡು ಸಲ ನೀರು ತಂದುಕೊಟ್ಟವಳು. ನಾನು ನನ್ನ ಕಥೆಯಲ್ಲಿಯೇ ಇದ್ದೆ. ರೋಷನ್ನಿಗೆ ಇನ್ನೊಂದು ಕಾಗದ ಬರೆದೆ, ಕಾಯಿಲೆ ಇದ್ದವರು ಕೆಲಸ ಮಾಡಬಾರದು ಅಂತ ಎಲ್ಲಿ ಉಂಟು ಅಂತ. ಉತ್ತರ ಬರಲಿಲ್ಲ. ಬರುವ ಹಾಗೆ ಕಾಣುವುದೂ ಇಲ್ಲ. ನಿನಗೆ ಸುಳ್ಳು ಆಸೆ ಕೊಡುವುದಿಲ್ಲ.

ಇನ್ನು ನೀನು ಕೇಳಿದ್ದು.

ನಂತೂರಿನಲ್ಲಿ ಆಂಬ್ಯುಲೆನ್ಸ್ ನಿಂತಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸಿನವ ಹಾರ್ನಿನಿಂದ ಕೈ ತೆಗೆಯುವುದಿಲ್ಲ. ನಮ್ಮದೇ ಸೈರನ್ ತಲೆಯ ಮೇಲೆ ಕೂಗ್ತಾ ಉಂಟು. ನಾನು ಕಿಟಕಿಯಿಂದ ಕೈ ಹಾಕಿ "ದಾರಿ ಬಿಡಿ, ದಾರಿ ಬಿಡಿ" ಅಂತ ಬೊಬ್ಬೆ ಹೊಡೀತಿದ್ದೆ. ಅವಳು ನನ್ನ ಅಂಗಿ ಹಿಡಿದು ಎಳೆದಳು. ತಿರುಗಿದೆ. ಮಾಸ್ಕ್ ಸರಿಸಿ ಎಂತದೋ ಹೇಳಿದಳು. ಉದ್ದದ ಮಾತೇ. ನನಗೆ ತುಟಿ ಕಂಡಿತು, ಸ್ವರ ಕೇಳಲಿಲ್ಲ. "ದಾದ?" ಅಂದೆ, ಎಂತ ಅಂತ. ಮತ್ತೆ ಹೇಳಿದಳು. ಕೇಳಲಿಲ್ಲ. "ದಾದ ಮಾರಾಯ್ತಿ, ಜೋರಾಗಿ ಹೇಳು" ಅಂತ ಐಸ್ ಪ್ಲಾಂಟಿನ ಸ್ವರದಲ್ಲಿ ಕಿರುಚಿದೆ. ಅವಳು ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಮನೆಯಲ್ಲಿ ನನ್ನ ಕಿವಿಗೆ ಸೋತು ಹೇಳುತ್ತಿದ್ದ ಹಾಗೆ ಕೈ ಅಲ್ಲಾಡಿಸಿ "ದಾಲ ಇಜ್ಜಿ" ಅಂದಳು. ಎಂತ ಇಲ್ಲ ಅಂತ. ಅದು ಮಾತ್ರ ಕೇಳಿಸಿತು.

ಅಷ್ಟೇ ಹೇಳಿದ್ದು ಅವಳು.

ಅದರ ಮೊದಲು ಹೇಳಿದ್ದು ಎಂತ ಅಂತ ನನಗೂ ಗೊತ್ತಿಲ್ಲ ಮಗಾ. ನೀನು ಕೇಳದೆ ಹೋದದ್ದು ಸ್ವಲ್ಪವೇ, ಅದನ್ನು ನಾನು ಈಗ ತುಂಬಿಸಿಕೊಟ್ಟೆ. ನನ್ನದನ್ನು ತುಂಬಿಸಲಿಕ್ಕೆ ಯಾರೂ ಇಲ್ಲ. ನೀನು ಹೋಗಿ ಬಂದಿ, ಬಂದು "ಎಂತ ಹೇಳಿದರು?" ಅಂತ ಕೇಳಿದಿ. ಸಿಟ್ಟು ಇದ್ದರೂ ಕೇಳಿದಿ. ಅವಳು ಹೋದಳು, ಅಷ್ಟೇ.

ನಿನ್ನೆ ಮಿಕ್ಸಿ ಕೆಳಗೆ ಇಳಿಸಿದೆ. ತೆಂಗಿನಕಾಯಿ ಎರಡು ಸಲ ಹಾಕಿದೆ. ಬಿಂಬುಳಿ ಸಿಗಲಿಲ್ಲ. ಮಿಕ್ಸಿ ತಾನೇ ನಿಲ್ಲುವ ಮೊದಲು ಮಧ್ಯೆ ಮಧ್ಯೆ ನಾನೇ ನಿಲ್ಲಿಸುತ್ತೇನೆ. ಆ ಸದ್ದಿನಲ್ಲಿ ಯಾರಾದರೂ ಕರೆದರೆ ಕೇಳಬೇಕಲ್ಲ. ಯಾರೂ ಕರೆಯುವುದಿಲ್ಲ, ಆದರೂ.

ಇದು ಉದ್ದವಾಯಿತು. ಚಿಕ್ಕದಾಗಿ ಬರೆ ಅಂತ ವಾಲ್ಟರ್ ಸರ್ ಹೇಳಿದ್ದನ್ನು ನಾನು ಕಲಿಯಲೇ ಇಲ್ಲ. ಓದುವಾಗ ನಡುವೆ ಎಲ್ಲಿಯಾದರೂ ನೀನು ಹೋಗಿ ಬಂದಿದ್ದರೆ ಚಿಂತೆ ಮಾಡಬೇಡ. ಮೇಲಿನಿಂದ ಇನ್ನೊಮ್ಮೆ ಓದು. ಕಾಗದ ಅಲ್ಲಿಯೇ ಇರ್ತದೆ.

ಬೂಬ